ಕೋಜಿ ಗೇಮ್‌ಗೆ ಐಡಿಯಾ ಕಟ್ಟುವುದು ಹೇಗೆ: ಹಲಸಿನ ಹಪ್ಪಳದಿಂದ ಶುರು ಮಾಡೋಣ

ಕೋಜಿ ಗೇಮ್, ಅಂದರೆ ಅವಸರ, ಹೊಡೆದಾಟ ಇಲ್ಲದೆ ನೆಮ್ಮದಿಗಾಗಿ ಆಡುವ ವಿಡಿಯೋ ಗೇಮ್, ಮಾಡಬೇಕು ಅಂತ ಹೊರಟವರ ಪುಸ್ತಕದ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಒಂದು ಪುಟ್ಟ ಹಳ್ಳಿ, ಒಂದು ತೋಟ, ಒಂದು ಕಾಫಿ ಅಂಗಡಿ, ಒಂದೆರಡು ಬೆಕ್ಕು. ಎಲ್ಲವೂ ಚೆನ್ನಾಗಿವೆ. ಆದರೆ ಇಷ್ಟಕ್ಕೇ ಗೇಮ್ ಆಗುವುದಿಲ್ಲ, ಇದಿನ್ನೂ ಸಾಮಾನಿನ ಪಟ್ಟಿ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 'ಕೋಜಿ' ಟ್ಯಾಗ್ ಒತ್ತಿ ನೋಡಿ, ಇದೇ ಸಾಮಾನು ಇಟ್ಟುಕೊಂಡ ಗೇಮ್‌ಗಳು ಸಾಲುಗಟ್ಟಿ ನಿಂತಿವೆ. ನಿಮ್ಮದು ಆ ಸಾಲಿನಲ್ಲಿ ಬೇರೆಯಾಗಿ ಕಾಣಬೇಕಾದರೆ ಶುರು ಮಾಡುವ ಜಾಗವೇ ಬೇರೆಯಾಗಬೇಕು.

ನನ್ನ ಪ್ರಕಾರ ಆ ಜಾಗ ಎರಡು ಪ್ರಶ್ನೆಗಳಲ್ಲಿದೆ. ನಿಮಗೆ ಯಾವುದು ನೆನಪಾಗಿ ಕಾಡುತ್ತದೆ? ಆ ನೆನಪಿನಲ್ಲಿ ನಿಮ್ಮ ಕೈ ಏನು ಮಾಡುತ್ತಿತ್ತು? ಇವೆರಡಕ್ಕೂ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಒಂದೊಂದಾಗಿ ಕೂಡಿಕೊಳ್ಳುತ್ತದೆ.

ಈ ಕೆಲಸಕ್ಕೆ ಕೋಡಿಂಗ್ ಬೇಕಿಲ್ಲ. ಪುಸ್ತಕ, ಪೆನ್ನು, ಕೊನೆಗೆ ಒಂದಿಷ್ಟು ಚೀಟಿ ಮತ್ತು ಹುಣಸೆ ಬೀಜ ಸಾಕು. ಹಂತಗಳನ್ನು ಹೇಳುತ್ತಾ ಒಂದು ಐಡಿಯಾವನ್ನೂ ಜೊತೆಜೊತೆಗೇ ಕಟ್ಟುತ್ತೇನೆ: ಮಲೆನಾಡಿನ ಒಂದು ಮನೆ ಮಳೆಗಾಲಕ್ಕೆ ತಯಾರಾಗುವುದು.

ಮೊದಲು, ನೆಮ್ಮದಿ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

2017ರಲ್ಲಿ ಪ್ರಾಜೆಕ್ಟ್ ಹಾರ್ಸ್‌ಶೂ ಎಂಬ ಗೇಮ್ ಡಿಸೈನರ್‌ಗಳ ಕೂಟದಲ್ಲಿ ಕೆಲವರು ಕುಳಿತು ಕೋಜಿ ಗೇಮ್‌ಗಳ ಬಗ್ಗೆ ಒಂದು ವರದಿ ಬರೆದರು. ಅದರಲ್ಲಿ ಮೂರು ಗುಣಗಳನ್ನು ಹೆಸರಿಸಿದ್ದಾರೆ. ಒಂದು, ಭದ್ರತೆ: ಆಟಗಾರನಿಗೆ ಏನನ್ನೋ ಕಳೆದುಕೊಳ್ಳುವ ಭಯ ಇರಬಾರದು. ಎರಡು, ಸಮೃದ್ಧಿ: ಹೊಟ್ಟೆ, ಸೂರು, ಸಮಯ ಇವಕ್ಕೆ ಪರದಾಟ ಇರಬಾರದು. ಮೂರು, ಮೆದುತನ: ಬಣ್ಣ, ಸದ್ದು, ಮಾತು ಯಾವುದೂ ಮೈಮೇಲೆ ಬೀಳಬಾರದು.

ಇದು ಸರಿಯಾದ ಅಡಿಪಾಯ. ಆದರೆ ಇದಿಷ್ಟನ್ನೇ ಹಿಡಿದು ಕೂತರೆ ಗೇಮ್ ಸಪ್ಪೆಯಾಗುವ ಅಪಾಯ ಇದೆ. ಹೊರಗೆ ಜಡಿಮಳೆ ಇದ್ದಾಗಲೇ ಒಲೆ ಮುಂದೆ ಕೂರುವುದು ಹಿತ ಅಲ್ವಾ? ಹೊರಗೊಂದು ಚಳಿ, ಮಳೆ, ಒಂಟಿತನ, ಅಗಲಿಕೆ ಇರಬೇಕು. 2020ರಲ್ಲಿ ಬಂದ ಸ್ಪಿರಿಟ್‌ಫೇರರ್ ನೋಡಿ. ಸತ್ತವರ ಆತ್ಮಗಳನ್ನು ದೋಣಿಯಲ್ಲಿ ಕೊನೆಯ ದಡಕ್ಕೆ ಬಿಡುವುದು ಅದರ ಕಥೆ. ವಿಷಯ ಸಾವು. ಆದರೂ ಅದು ಕೋಜಿ ಗೇಮ್, ಏಕೆಂದರೆ ಆ ದೋಣಿಯಲ್ಲಿ ನೀವು ಅವರಿಗೆ ಅಡುಗೆ ಮಾಡಿ ಹಾಕುತ್ತೀರಿ, ಮನೆ ಕಟ್ಟಿಕೊಡುತ್ತೀರಿ, ಅಪ್ಪಿಕೊಳ್ಳುತ್ತೀರಿ. ಅಪ್ಪಿಕೊಳ್ಳುವುದಕ್ಕೇ ಆಟದಲ್ಲಿ ಜಾಗ ಕೊಟ್ಟಿದ್ದಾರೆ.

ಹಂತ 1: ಕಾಡುವ ನೆನಪನ್ನು ಹುಡುಕಿ

ಈ ಬಗೆಯ ದೊಡ್ಡ ಗೇಮ್‌ಗಳ ಹುಟ್ಟು ನೋಡಿದರೆ ಅಲ್ಲಿ ಊರು ಬಿಟ್ಟವರೇ ಸಿಗುತ್ತಾರೆ. ಯಾಸುಹಿರೊ ವಾಡಾ ಜಪಾನಿನ ಮಿಯಾಜಾಕಿಯ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೊ ಸೇರಿದವರು. ನಗರದಲ್ಲಿದ್ದಾಗ ಊರಿನ ಬೆಲೆ ತಿಳಿಯಿತು. ಅದರಿಂದ 1996ರಲ್ಲಿ ಹಾರ್ವೆಸ್ಟ್ ಮೂನ್ ಬಂತು. ಇವತ್ತಿನ ಎಲ್ಲ ತೋಟದ ಗೇಮ್‌ಗಳ ಬೇರು ಅದು. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು 2016ರಲ್ಲಿ ಹೊರತಂದ ಸ್ಟಾರ್‌ಡ್ಯೂ ವ್ಯಾಲಿ ಕೂಡ ಅದರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಕತ್ಸುಯಾ ಎಗುಚಿ ಗೇಮ್ ಕಂಪನಿ ನಿಂಟೆಂಡೊದ ಕೆಲಸಕ್ಕೆ ಚಿಬಾದಿಂದ ಕ್ಯೋಟೊಗೆ ಬಂದಾಗ ಮನೆಯವರು, ಗೆಳೆಯರು ಎಲ್ಲ ದೂರವಾದರು. ಹತ್ತಿರದವರು ಸುಮ್ನೆ ಬಂದು ಮಾತಾಡಿಸಿ ಹೋಗುವ ಆ ಸುಖವನ್ನೇ ಅವರು ಅನಿಮಲ್ ಕ್ರಾಸಿಂಗ್‌ನಲ್ಲಿ ತಂದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ವೆಂಬಾ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ಗೇಮ್ ಇದು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ. ತಾಯಿಯ ಅಡುಗೆ ಪುಸ್ತಕ ಹರಿದಿದೆ, ಕೆಲವು ಸಾಲು ಅಳಿಸಿಹೋಗಿವೆ. ಉಳಿದದ್ದನ್ನು ಓದಿ, ಊಹಿಸಿ, ಇಡ್ಲಿಯಿಂದ ಶುರು ಮಾಡಿ ಒಂದೊಂದೇ ಅಡುಗೆ ಮಾಡಬೇಕು. ಹರಿದ ಪುಟ ಮತ್ತು ಮರೆಯುತ್ತಿರುವ ಊರು, ಎರಡೂ ಒಂದೇ ಆಟದಲ್ಲಿ ಕೂತಿವೆ.

ನೀವು ಹೀಗೆ ಮಾಡಿ. ಪುಸ್ತಕದಲ್ಲಿ ಹತ್ತು ಸಾಲು ಬರೆಯಿರಿ, ಪ್ರತಿ ಸಾಲಿನಲ್ಲೂ ಈಗ ನಿಮ್ಮ ಬದುಕಿನಲ್ಲಿ ಇಲ್ಲದ ಒಂದು ಸಂಗತಿ ಇರಲಿ. 'ಬಾಲ್ಯ' ಅಂತ ಬರೆಯಬೇಡಿ, ಅದು ಬಹಳ ದೊಡ್ಡದು. 'ದಸರಾ ಗೊಂಬೆಗೆ ಮೆಟ್ಟಿಲು ಜೋಡಿಸುವಾಗ ಯಾವ ಗೊಂಬೆ ಎಲ್ಲಿ ಅಂತ ಅತ್ತೆಯರ ಜಗಳ' ಅಂತ ಬರೆಯಿರಿ. 'ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಅರ್ಧ ದಾರಿಯ ಟೀ ಅಂಗಡಿ.' 'ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯ ಮರದ ಬೆಂಚು.' ಇಂಥವು. ಆಮೇಲೆ ಪ್ರತಿ ಸಾಲನ್ನೂ ಜೋರಾಗಿ ಓದಿ. ಯಾವುದನ್ನು ಓದುವಾಗ ಇನ್ನೂ ನಾಲ್ಕು ಸಾಲು ತಾನಾಗಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ.

ನಾನು ಇಲ್ಲಿ ಇಟ್ಟುಕೊಳ್ಳುವ ಸಾಲು: ಬೇಸಿಗೆ ರಜೆಯಲ್ಲಿ ಅಜ್ಜಿ ಮನೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವುದು.

ಹಂತ 2: ಕೈಕೆಲಸವನ್ನು ಬಿಡಿಸಿ ನೋಡಿ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಆಟಗಾರ ಗೇಮ್‌ನಲ್ಲಿ ನೂರಾರು ಸಲ ಮಾಡುವ ಕೆಲಸ ಯಾವುದು? ಆ ಕೆಲಸ ತಾನೇ ಹಿತವಾಗಿದ್ದರೆ ಗೇಮ್ ಗೆದ್ದ ಹಾಗೆ. ಅದು ಬೇಸರ ತರಿಸಿದರೆ ಎಷ್ಟು ಚಂದದ ಚಿತ್ರ ಬರೆದರೂ ಉಪಯೋಗವಿಲ್ಲ.

2021ರ ಅನ್‌ಪ್ಯಾಕಿಂಗ್ ಇದಕ್ಕೆ ಒಳ್ಳೆಯ ಪಾಠ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ವಿಚ್ ಬೀಮ್ ತಂಡದ್ದು. ರೆನ್ ಬ್ರಯರ್ ಮತ್ತು ಟಿಮ್ ಡಾಸನ್ ಒಂದೇ ಮನೆಯಲ್ಲಿರಲು ಶುರು ಮಾಡಿ ಪೆಟ್ಟಿಗೆ ಬಿಚ್ಚುವಾಗ ಹೊಳೆದ ಐಡಿಯಾ ಅದು. ಗೇಮ್ ತುಂಬ ಒಂದೇ ಕೆಲಸ: ಪೆಟ್ಟಿಗೆಯಿಂದ ಒಂದು ವಸ್ತು ತೆಗೆಯುವುದು, ಅದಕ್ಕೊಂದು ಜಾಗ ಹುಡುಕುವುದು. 1997ರಿಂದ 2018ರವರೆಗೆ ಒಬ್ಬಳ ಬದುಕಿನಲ್ಲಿ ಎಂಟು ಸಲ ಹೀಗೆ ಪೆಟ್ಟಿಗೆ ಬಿಚ್ಚುವುದು. 2010ರ ಮನೆ ಅವಳ ಗೆಳೆಯನದು. ಅಲ್ಲಿ ಅವಳ ಡಿಗ್ರಿ ಸರ್ಟಿಫಿಕೇಟಿಗೆ ಗೋಡೆ ಮೇಲೆ ಜಾಗವೇ ಸಿಗುವುದಿಲ್ಲ. ಹುಡುಕಿ ಹುಡುಕಿ ಕೊನೆಗೆ ಮಂಚದ ಕೆಳಗೆ ತಳ್ಳಬೇಕು. ಒಂದು ಮಾತೂ ಇಲ್ಲದೆ ಆ ಸಂಬಂಧ ಹೇಗಿದೆ ಅಂತ ನಿಮ್ಮ ಕೈಗೇ ತಿಳಿದುಬಿಡುತ್ತದೆ. ಕೈಕೆಲಸ ಸರಿಯಾಗಿ ಆಯ್ದರೆ ಕಥೆ ಅದರೊಳಗಿಂದಲೇ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಮ್ಮ ಹಪ್ಪಳ. ಕೆಲಸವನ್ನು ಕೈ ಅಲುಗಾಟದ ಮಟ್ಟದಲ್ಲಿ ಬರೆದುಕೊಳ್ಳಬೇಕು. ಬಲಿತ ಹಲಸಿನಕಾಯಿ, ಹಣ್ಣಾಗಿರಬಾರದು. ಹೆಚ್ಚುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ, ಇಲ್ಲವಾದರೆ ಮೇಣ ಬಿಡುವುದಿಲ್ಲ. ತೊಳೆ ಬಿಡಿಸುವುದು, ಬೀಜ ಬೇರೆ ಮಾಡುವುದು. ಹಬೆಯಲ್ಲಿ ಬೇಯಿಸುವುದು. ಉಪ್ಪು, ಮೆಣಸಿನಕಾಯಿ, ಜೀರಿಗೆ ಹಾಕಿ ರುಬ್ಬುವುದು. ಉಂಡೆ ಕಟ್ಟುವುದು. ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು. ಹಾಳೆ ಬಿಡಿಸಿ ಚಾಪೆ ಮೇಲೆ ಹಾಕುವುದು. ಬಿಸಿಲು ಏರಿದ ಮೇಲೆ ಮಗುಚುವುದು. ಕಾಗೆ ಓಡಿಸುವುದು. ಸಂಜೆ ಒಳಗೆ ತರುವುದು. ಎರಡು ಮೂರು ಬಿಸಿಲು ಕಂಡ ಮೇಲೆ ಕಟ್ಟು ಕಟ್ಟಿ ಡಬ್ಬಕ್ಕೆ.

ಇದರಲ್ಲಿ ಯಾವುದು ಆಟಕ್ಕೆ ಬರುತ್ತದೆ? ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ. ಬೆರಳಿಗೆ ಹಿತವೇ? ನೂರನೆಯ ಸಲವೂ ಮಾಡಬಹುದೇ? ಮಾಡುವಾಗ ಒಂದು ಸಣ್ಣ ಆಯ್ಕೆ ಇದೆಯೇ? ಮಣೆ ಒತ್ತುವುದು ಹಿತ. ಜೋರಾಗಿ ಒತ್ತಿದರೆ ತೆಳು ಹಪ್ಪಳ, ಬೇಗ ಒಣಗುತ್ತದೆ, ಆದರೆ ಅಂಚು ಹರಿಯುತ್ತದೆ. ಮೆಲ್ಲಗೆ ಒತ್ತಿದರೆ ದಪ್ಪ, ಒಣಗಲು ತಡ. ಅಲ್ಲೊಂದು ಆಯ್ಕೆ ಇದೆ. ಹಾಳೆ ಬಿಡಿಸುವ ಕ್ಷಣ ಹಿತ. ಚಾಪೆ ಮೇಲೆ ಸಾಲಾಗಿ ಜೋಡಿಸುವುದು ತುಂಬ ಹಿತ. ರುಬ್ಬುವುದು ನೂರು ಸಲಕ್ಕೆ ಬೇಸರ, ಅದನ್ನು ಅಜ್ಜಿಗೆ ಬಿಡೋಣ. ಮೇಣ ಒಂದು ಸಲ ತಮಾಷೆ, ಆಮೇಲೆ ಬೇಡ.

ಉಳಿದದ್ದು ಮೂರು ಕೆಲಸ: ಒತ್ತುವುದು, ಹರಡುವುದು, ಆಕಾಶ ನೋಡುವುದು. ಒಂದು ಚಿಕ್ಕ ಗೇಮ್‌ಗೆ ಮೂರು ಧಾರಾಳ.

ಹಂತ 3: ಹೊರಗಿನ ಮಳೆ ಯಾವುದು ಅಂತ ತೀರ್ಮಾನಿಸಿ

ನಮ್ಮಲ್ಲಿ ಇದು ಸುಲಭ, ನಿಜವಾದ ಮಳೆಯೇ ಇದೆ. ಜೂನ್ ಹೊತ್ತಿಗೆ ಮಳೆ ಹಿಡಿದರೆ ಬಿಸಿಲು ಕಾಣುವುದು ಅಪರೂಪ. ಅಷ್ಟರೊಳಗೆ ಹಪ್ಪಳ ಡಬ್ಬ ಸೇರಬೇಕು, ಸೌದೆ ಕೊಟ್ಟಿಗೆ ಸೇರಬೇಕು. ಅಪ್ಪೆಮಿಡಿ ಆಗಲೇ ಉಪ್ಪಿನಲ್ಲಿದೆ. ಗಡುವು ಇದೆ, ಆದರೆ ಅದು ಬೆನ್ನಟ್ಟುವ ಗಡುವಲ್ಲ. ಎಷ್ಟೇ ಹಪ್ಪಳ ಆಗಲಿ, ಮಳೆಗಾಲ ಬಂದೇ ಬರುತ್ತದೆ, ಮನೆ ಬೆಚ್ಚಗೆ ಇದ್ದೇ ಇರುತ್ತದೆ.

ನಿಮ್ಮ ಐಡಿಯಾದಲ್ಲಿ ಹೊರಗಿನದು ಒಂಟಿತನ ಆಗಿರಬಹುದು, ಪರೀಕ್ಷೆ ಆಗಿರಬಹುದು, ಮುಚ್ಚಲಿರುವ ಅಂಗಡಿ ಆಗಿರಬಹುದು. ಕೆನಡಾದ ಆಡಂ ರಾಬಿನ್ಸನ್-ಯು 2019ರಲ್ಲಿ ಮಾಡಿದ ಎ ಶಾರ್ಟ್ ಹೈಕ್‌ನಲ್ಲಿ ಕ್ಲೇರ್ ಎಂಬ ಪುಟ್ಟ ಹಕ್ಕಿ ಬೆಟ್ಟ ಹತ್ತುವುದು ಫೋನ್ ಸಿಗ್ನಲ್‌ಗಾಗಿ. ಮನಸ್ಸಿನಲ್ಲೊಂದು ಕರೆಯ ಚಿಂತೆ ಇದೆ, ಆದರೆ ದಾರಿಯುದ್ದಕ್ಕೂ ಮೀನು ಹಿಡಿಯಬಹುದು, ಆಟ ಆಡಬಹುದು, ಯಾರ ಜೊತೆಗೋ ಹರಟಬಹುದು. ಚಿಂತೆ ಇರಲಿ, ಅದು ಅವಸರ ಪಡಿಸದಿರಲಿ.

ಹಂತ 4: ತಪ್ಪಿದರೆ ಏನಾಗುತ್ತದೆ?

ಕೋಜಿ ಗೇಮ್‌ನಲ್ಲಿ ಸೋಲೇ ಇರಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಮೈಯ ಕಸುವಿಗೆ ಮಿತಿ ಇದೆ, ರಾತ್ರಿ 2 ಗಂಟೆಯೊಳಗೆ ಮಲಗದಿದ್ದರೆ ಬಿದ್ದಲ್ಲೇ ನಿದ್ದೆ, ಸ್ವಲ್ಪ ಹಣವೂ ಹೋಗಬಹುದು. ಆದರೂ ಬೆಳಗ್ಗೆ ಎದ್ದರೆ ತೋಟ ಅಲ್ಲೇ ಇರುತ್ತದೆ. ಅನ್‌ಪ್ಯಾಕಿಂಗ್‌ನಲ್ಲಿ ಎಲ್ಲ ಪೆಟ್ಟಿಗೆ ಖಾಲಿಯಾದ ಮೇಲಷ್ಟೇ ತಪ್ಪು ಜಾಗದ ವಸ್ತುಗಳಿಗೆ ಕೆಂಪು ಗೆರೆ ಬೀಳುತ್ತದೆ. ಅದೂ ಬೇಡ ಅಂದರೆ ಯಾವುದನ್ನು ಎಲ್ಲಿ ಬೇಕಾದರೂ ಇಡುವ ಆಯ್ಕೆ ಇದೆ.

ನಾನು ಪಾಲಿಸುವ ನಿಯಮ ಇದು: ತಪ್ಪಿದ ಕೆಲಸದ ಫಲ ಕಳೆದುಹೋಗಬಾರದು, ಬೇರೆ ರೂಪಕ್ಕೆ ತಿರುಗಬೇಕು. ಹಪ್ಪಳ ಮಳೆಗೆ ಸಿಕ್ಕಿತೇ? ಅದನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕೋಣ. ನಿಧಾನ ಒಣಗುತ್ತದೆ, ಹೊಗೆಯ ವಾಸನೆ ಹಿಡಿಯುತ್ತದೆ, ಅಜ್ಜನಿಗೆ ಅದೇ ಇಷ್ಟ. ಒತ್ತುವಾಗ ಹರಿಯಿತೇ? ಆ ಹಿಟ್ಟು ಪಕ್ಕದ ಮನೆ ಪುಟ್ಟನ ಬಾಯಿಗೆ. ಹಸಿ ಹಪ್ಪಳದ ಹಿಟ್ಟಿಗೆ ಕಾದು ಕೂರುವ ಮಕ್ಕಳು ಯಾವ ಮನೆಯಲ್ಲಿಲ್ಲ? ಹೀಗೆ ಪ್ರತಿ ತಪ್ಪಿಗೂ ಒಂದು ಬಾಗಿಲು ಬರೆದುಕೊಳ್ಳಿ. ಪಟ್ಟಿ ಮುಗಿಯುವಷ್ಟರಲ್ಲಿ ಅರ್ಧ ಕಥೆ ಸಿಕ್ಕಿರುತ್ತದೆ.

ಇದರ ಜೊತೆಗೇ ಇನ್ನೊಂದು ಮಾತು. 'ಇವತ್ತು ಬರದಿದ್ದರೆ ಬಹುಮಾನ ಹೋಯಿತು' ಅನ್ನುವ ದಿನದ ಲೆಕ್ಕವನ್ನು ದಯವಿಟ್ಟು ತರಬೇಡಿ. ಅನಿಮಲ್ ಕ್ರಾಸಿಂಗ್‌ನಲ್ಲಿ ಬಹಳ ದಿನ ಬಿಟ್ಟು ಹೋದರೆ ಕಳೆ ಬೆಳೆದಿರುತ್ತದೆ, ಮನೆಯಲ್ಲಿ ಜಿರಳೆ ಓಡಾಡುತ್ತವೆ. ಅಷ್ಟಕ್ಕೇ ಎಷ್ಟೋ ಜನ ಮತ್ತೆ ತೆರೆಯಲು ಹಿಂಜರಿಯುತ್ತಾರೆ. ನೆಮ್ಮದಿಗೆ ಬಂದವರಲ್ಲಿ ಅಪರಾಧಿ ಭಾವ ಹುಟ್ಟಿಸುವುದು ದೊಡ್ಡ ತಪ್ಪು.

ಹಂತ 5: ಕಾಲವನ್ನು ನಿಮ್ಮ ಮಣ್ಣಿನಿಂದ ತೆಗೆದುಕೊಳ್ಳಿ

ಹೆಚ್ಚಿನವರು ಇಲ್ಲಿ ಯೋಚನೆ ಮಾಡದೆ ಸ್ಟಾರ್‌ಡ್ಯೂ ವ್ಯಾಲಿಯ ಲೆಕ್ಕ ಎತ್ತಿಕೊಳ್ಳುತ್ತಾರೆ: 28 ದಿನದ ನಾಲ್ಕು ಋತು, ಸುಮಾರು 14 ನಿಮಿಷದ ಒಂದು ದಿನ. ಆ ಲೆಕ್ಕ ಆ ಗೇಮ್‌ಗೆ ಚೆನ್ನಾಗಿದೆ. ಆದರೆ ಹಿಮ ಬೀಳುವ ಚಳಿಗಾಲ ಶಿವಮೊಗ್ಗದ ಹಳ್ಳಿಗೆ ಯಾಕೆ?

ನಮ್ಮ ರೈತರ ಹತ್ತಿರ ಸಿದ್ಧವಾದ ಕ್ಯಾಲೆಂಡರ್ ಇದೆ, ಮಳೆ ನಕ್ಷತ್ರಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13-14 ದಿನವನ್ನು ಒಂದು ಮಳೆ ಅನ್ನುತ್ತೇವೆ. ಏಪ್ರಿಲ್ ಕೊನೆಗೆ ಭರಣಿ. ಆಮೇಲೆ ಕೃತ್ತಿಕೆ, ರೋಹಿಣಿ, ಮೃಗಶಿರ, ಜೂನ್ ಕೊನೆಗೆ ಆರಿದ್ರೆ. ಒಂದೊಂದಕ್ಕೂ ಬೇರೆ ಸ್ವಭಾವ, ಬೇರೆ ಗಾದೆ. 'ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು' ಅನ್ನುವ ಗಾದೆಯಲ್ಲಿ ಮಳೆಯೂ ಇದೆ, ಊಟವೂ ಇದೆ, ಕೋಜಿ ಗೇಮ್‌ನ ಒಂದು ಅಧ್ಯಾಯಕ್ಕೆ ಇನ್ನೇನು ಬೇಕು?

ನಮ್ಮ ಗೇಮ್‌ಗೆ ಐದು ಅಧ್ಯಾಯ ಹೀಗೆ ಬರುತ್ತವೆ. ಭರಣಿಯಲ್ಲಿ ಬಿಸಿಲು ಜಾಸ್ತಿ, ಸಂಜೆ ಒಮ್ಮೊಮ್ಮೆ ಗುಡುಗು, ಕೆಲಸ ಕಲಿಯುವ ಕಾಲ. ಕೃತ್ತಿಕೆ, ರೋಹಿಣಿಯಲ್ಲಿ ಮೋಡ ಆಟವಾಡಿಸುತ್ತದೆ, ಆಕಾಶ ನೋಡುವುದು ಇಲ್ಲಿ ಮುಖ್ಯ. ಮೃಗಶಿರದಲ್ಲಿ ಚಾಪೆ ಸುತ್ತಿಡುವುದು. ಆರಿದ್ರೆಯಲ್ಲಿ ಒತ್ತುವ ಕೆಲಸ ಇಲ್ಲವೇ ಇಲ್ಲ. ಬರೀ ಡಬ್ಬ ತೆಗೆಯುವುದು, ಕೆಂಡದ ಮೇಲೆ ಹಪ್ಪಳ ಸುಡುವುದು, ಕಾಯಿ ಚೂರಿನ ಜೊತೆ ತಿನ್ನುವುದು. ಯಾವ ಹಪ್ಪಳ ಯಾವ ದಿನದ್ದು ಅಂತ ಗೇಮ್ ನೆನಪಿಟ್ಟಿರುತ್ತದೆ, ತಿನ್ನುವಾಗ ಆ ದಿನದ ಮಾತು ಮತ್ತೆ ಕೇಳುತ್ತದೆ.

ನೀವು ಕರಾವಳಿಯವರಾದರೆ ಮೀನುಗಾರಿಕೆ ನಿಲ್ಲುವ ಮಳೆಗಾಲ ಸಿಗುತ್ತದೆ. ಬಯಲುಸೀಮೆಯವರಿಗೆ ಸುಗ್ಗಿ ಇದೆ. ನಗರದವರಿಗೆ ವಾರದ ಲಯ ಇದೆ: ನೀರು ಬರುವ ದಿನ, ರದ್ದಿಯವನು ಬರುವ ಭಾನುವಾರ.

ಹಂತ 6: ಕಡಿಮೆ ಜನ, ಒಬ್ಬೊಬ್ಬರಿಗೂ ಒಂದು ಆಸೆ

ಮೂರು ನಾಲ್ಕು ಪಾತ್ರ ಸಾಕು. ಪ್ರತಿ ಪಾತ್ರಕ್ಕೂ ಒಂದು ಆಸೆ, ಒಂದು ಹಟ, ಮಾತಿನ ಒಂದು ಧಾಟಿ ಬರೆಯಿರಿ. ಅಜ್ಜಿಗೆ ಬೆಂಗಳೂರಿನ ಮಗನ ಮನೆಗೆ ಒಂದು ಡಬ್ಬ ಹೋಗಬೇಕು, ಅವನು ಈ ವರ್ಷ ಬರುವುದಿಲ್ಲ ಅಂತ ಗೊತ್ತು, ಹೇಳಿಕೊಳ್ಳುವುದಿಲ್ಲ. ಪುಟ್ಟನಿಗೆ ಹಿಟ್ಟು ಬೇಕು. ಅಜ್ಜನಿಗೆ ಹೊಗೆ ಹಪ್ಪಳ ಬೇಕು, ಹಾಗಾಗಿ ಮಳೆ ಬಂದರೂ ಅವರು ಎಚ್ಚರಿಸುವುದಿಲ್ಲ! ಆಡುವವಳು ರಜೆಗೆ ಬಂದ ಮೊಮ್ಮಗಳು.

ಮಾತು ಬರೆಯುವಾಗ ಮನೆಯಲ್ಲಿ ಆಡುವ ಹಾಗೇ ಬರೆಯಿರಿ. 'ದಯವಿಟ್ಟು ಚಾಪೆಯನ್ನು ಒಳಗೆ ತನ್ನಿ' ಅಂತ ಯಾವ ಅಜ್ಜಿಯೂ ಹೇಳುವುದಿಲ್ಲ. 'ಏ ಕೂಸೆ, ಗುಡುಗು ಕೇಳ್ಲಿಲ್ವಾ? ಚಾಪೆ ತೆಗಿಯೇ!' ಅಂತಾಳೆ. ಆ ಒಂದು ಸಾಲಿನಲ್ಲಿ ಊರು, ವಯಸ್ಸು, ಸಲಿಗೆ ಎಲ್ಲ ಬಂತು.

ಹಂತ 7: ಸದ್ದು

ಚಿಕ್ಕ ಹಂತ, ಆದರೆ ಬಿಡಬೇಡಿ. ಐಡಿಯಾ ಹಂತದಲ್ಲೇ ಐದು ಸದ್ದು ಪಟ್ಟಿ ಮಾಡಿ. ಮಣೆ ಕೂರುವ ಸದ್ದು, ಹಾಳೆ ಬಿಡಿಸುವ ಸದ್ದು, ಹೆಂಚಿನ ಮೇಲೆ ಮೊದಲ ಹನಿ, ಡಬ್ಬದ ಮುಚ್ಚಳ, ದೂರದ ಗುಡುಗು. ಫೋನಿನಲ್ಲೇ ರೆಕಾರ್ಡ್ ಮಾಡಿ ಕಣ್ಣು ಮುಚ್ಚಿ ಕೇಳಿ. ಗೇಮ್ ಹೇಗಿರುತ್ತದೆ ಅಂತ ಚಿತ್ರಕ್ಕಿಂತ ಬೇಗ ತಿಳಿಯುತ್ತದೆ.

ಹಂತ 8: ಅಳತೆ ಕತ್ತರಿಸಿ

ಎ ಶಾರ್ಟ್ ಹೈಕ್, ವೆಂಬಾ ಎರಡನ್ನೂ ಒಂದು ಸಂಜೆಯಲ್ಲಿ ಆಡಿ ಮುಗಿಸಬಹುದು. ಯಾರೂ ಅವು ಚಿಕ್ಕವು ಅಂತ ದೂರುವುದಿಲ್ಲ. ಮೊದಲ ಗೇಮ್‌ಗೆ ಒಂದು ಅಂಗಳ, ಒಂದು ಅಡುಗೆಮನೆ, ನಾಲ್ಕು ಜನ, ಐದು ಮಳೆ ಅಂತ ಗೆರೆ ಎಳೆಯಿರಿ. ಪಕ್ಕದಲ್ಲೇ 'ಬೇಡ' ಅಂತ ಇನ್ನೊಂದು ಪಟ್ಟಿ: ಮದುವೆ ಬೇಡ, ಪೇಟೆ ಬೇಡ, ಹಣದ ಲೆಕ್ಕ ಬೇಡ, ದನ ಸಾಕುವುದು ಬೇಡ. ಹೊಸ ಆಸೆ ಬಂದಾಗಲೆಲ್ಲ ಮೊದಲು ಈ ಪಟ್ಟಿ ನೋಡಿ.

ಕನ್ನಡದಲ್ಲಿ ಮಾಡುವವರಿಗೆ ಒಂದು ತಾಂತ್ರಿಕ ಮಾತು. ಗೇಮ್ ಕಟ್ಟಲು ಬಳಸುವ ಸಾಫ್ಟ್‌ವೇರ್‌ಗೆ ಗೇಮ್ ಎಂಜಿನ್ ಅನ್ನುತ್ತಾರೆ. ಎಲ್ಲ ಗೇಮ್ ಎಂಜಿನ್‌ಗಳೂ ಒತ್ತಕ್ಷರವನ್ನು ಸರಿಯಾಗಿ ತೋರಿಸುವುದಿಲ್ಲ, ಅಕ್ಷರ ಬಿಡಿಬಿಡಿಯಾಗಿ ಒಡೆಯುತ್ತದೆ. ಉಚಿತವಾಗಿ ಸಿಗುವ ಗೋಡೋ ಎಂಜಿನ್‌ನಲ್ಲಿ 2023ರಲ್ಲಿ ಬಂದ 4ನೇ ಆವೃತ್ತಿಯಿಂದ ಈ ಸಮಸ್ಯೆಗೆ ಪರಿಹಾರ ಇದೆ. ಎಂಜಿನ್ ಆಯ್ಕೆ ಮಾಡುವ ಮೊದಲು 'ಕೃತ್ತಿಕೆ', 'ಆರಿದ್ರೆ', 'ಅಜ್ಜಿ', 'ಉಪ್ಪಿನಕಾಯಿ' ಈ ನಾಲ್ಕು ಪದ ಟೈಪ್ ಮಾಡಿ ಪರದೆ ಮೇಲೆ ನೋಡಿ.

ಹಂತ 9: ಒಂದು ಸಾಲು, ಒಂದು ಪುಟ

ಸಾಲು ಹೀಗಿರಲಿ: ಯಾರು, ಏನು ಮಾಡುತ್ತಾರೆ, ಹೊರಗೆ ಏನಿದೆ. 'ರಜೆಗೆ ಬಂದ ಮೊಮ್ಮಗಳು ಮುಂಗಾರು ಹಿಡಿಯುವುದರೊಳಗೆ ಅಜ್ಜಿಯ ಜೊತೆ ಹಪ್ಪಳ ಒತ್ತಿ ಒಣಗಿಸುತ್ತಾಳೆ, ಮಳೆಗಾಲದಲ್ಲಿ ಎಲ್ಲರೂ ಕೂತು ತಿನ್ನುತ್ತಾರೆ.' ಇದರಲ್ಲಿ 'ಮನಮುಟ್ಟುವ', 'ಸುಂದರ' ಅನ್ನುವ ಪದ ಬಂದರೆ ಹೊಡೆದುಹಾಕಿ, ಅವು ಆಡಿದವರು ಹೇಳಬೇಕಾದ ಪದಗಳು.

ಪುಟದಲ್ಲಿ ಆ ಸಾಲು, ಮೂರು ಕೈಕೆಲಸ, ತಪ್ಪುಗಳ ಬಾಗಿಲು, ಐದು ಮಳೆ, ನಾಲ್ಕು ಜನ, ಐದು ಸದ್ದು, 'ಬೇಡ' ಪಟ್ಟಿ. ಇನ್ನೊಂದು ಪುಟಕ್ಕೆ ಹೋಗಬೇಡಿ.

ಹಂತ 10: ಚೀಟಿಯಲ್ಲಿ ಆಡಿಸಿ

ಹನ್ನೆರಡು ಚೀಟಿ ಮಾಡಿ: ಏಳರಲ್ಲಿ ಬಿಸಿಲು, ಮೂರರಲ್ಲಿ ಮೋಡ, ಎರಡರಲ್ಲಿ ಮಳೆ. ಮಡಚಿ ಡಬ್ಬಕ್ಕೆ ಹಾಕಿ. ಹುಣಸೆ ಬೀಜಗಳೇ ಹಪ್ಪಳ. ಪ್ರತಿ ಬೆಳಗ್ಗೆ ಆಡುವವರು ನಾಲ್ಕು ಬೀಜ ಚಾಪೆ ಮೇಲೆ ಇಡಬಹುದು. ಚೀಟಿ ಎತ್ತುವ ಮೊದಲು ಒಂದು ತೀರ್ಮಾನ: ಅಂಗಳ ಕಾಯುತ್ತೀರಾ, ಪಕ್ಕದ ಮನೆಗೆ ಹೋಗಿ ಕಥೆ ಕೇಳುತ್ತೀರಾ? ಬಿಸಿಲು ಬಂದರೆ ಚಾಪೆ ಮೇಲಿನ ಬೀಜಕ್ಕೆ ಒಂದು ಬಿಸಿಲು ಕಂಡ ಲೆಕ್ಕ. ಎರಡು ಬಿಸಿಲು ಕಂಡ ಬೀಜ ಹಪ್ಪಳದ ಡಬ್ಬಕ್ಕೆ. ಮೋಡ ಬಂದರೆ ಇದ್ದಲ್ಲೇ. ಮಳೆ ಬಂದಾಗ ಕಾದು ಕೂತಿದ್ದರೆ ಎಲ್ಲ ಒಳಗೆ ಬಂತು, ಕಥೆಗೆ ಹೋಗಿದ್ದರೆ ಬೀಜಗಳು ಅಟ್ಟಕ್ಕೆ, ಆದರೆ ಕೈಯಲ್ಲಿ ಒಂದು ಕಥೆಯ ಚೀಟಿ ಇರುತ್ತದೆ. ಎರಡೂ ದಾರಿಯಲ್ಲಿ ಏನೋ ಸಿಗುತ್ತದೆ.

ಗೇಮ್ ಆಡುವ ಒಬ್ಬರಿಗೆ, ಗೇಮ್ ಮುಟ್ಟದ ಒಬ್ಬರಿಗೆ, ಹಪ್ಪಳ ನಿಜವಾಗಿ ಮಾಡಿದ ಒಬ್ಬರಿಗೆ ಇದನ್ನು ಆಡಿಸಿ. ಮೂರನೆಯವರು ಬಹಳ ಮುಖ್ಯ, ನೀವು ಬಿಟ್ಟ ವಿವರ ಹಿಡಿಯುವವರು ಅವರೇ. ಆಡುವಾಗ ಸುಮ್ಮನಿರಿ, ವಿವರಿಸಲು ಹೋಗಬೇಡಿ. ಎಲ್ಲಿ ನಕ್ಕರು, ಎಲ್ಲಿ ಆಕಾಶಕ್ಕೆ ಬೈದರು, ಎಲ್ಲಿ ತಮ್ಮ ಮನೆಯ ಕಥೆ ತೆಗೆದರು ಅಂತ ಬರೆದುಕೊಳ್ಳಿ. ಮುಗಿದ ಮೇಲೆ 'ಹೇಗಿತ್ತು?' ಅಂತ ಕೇಳಿದರೆ ಎಲ್ಲರೂ 'ಚೆನ್ನಾಗಿತ್ತು' ಅನ್ನುತ್ತಾರೆ. ಅದರ ಬದಲು ಹೀಗೆ ಕೇಳಿ: 'ಇನ್ನೊಂದು ದಿನ ಆಡೋಣವಾ?' ಮೂವರಲ್ಲಿ ಇಬ್ಬರು ತಾವಾಗಿ ಚೀಟಿ ಡಬ್ಬಕ್ಕೆ ಕೈ ಹಾಕಿದರೆ ಎಂಜಿನ್ ಇನ್‌ಸ್ಟಾಲ್ ಮಾಡಿ. ಇಲ್ಲವಾದರೆ ಹಂತ 2ಕ್ಕೆ ಹೋಗಿ, ಕೈಕೆಲಸದ ಪಟ್ಟಿಯಿಂದ ಬೇರೆ ಮೂರನ್ನು ಆರಿಸಿಕೊಳ್ಳಿ.